ಪಿಯುಸಿ ಆಯ್ತು, ಸೈಕಾಲಜಿ ತಗೊಂಡ್ರೆ ಮುಂದೆ ಎಂತ ಕೆಲ್ಸ ಸಿಗುತ್ತೆ? ಶಿವಮೊಗ್ಗ ಕಡೆಯವ್ರು ಸ್ವಲ್ಪ ಹೇಳಿ

ಹೊಸನಗರದ_ಕೂಸು:

ಎಲ್ರಿಗೂ ನಮಸ್ಕಾರ. ನಾನು ಹೊಸನಗರ ತಾಲೂಕಿನವ್ಳು, ಈ ಸಲ ಸೆಕೆಂಡ್ ಪಿಯು ಕಾಮರ್ಸ್ ಮುಗೀತು, ಮಾರ್ಕ್ಸ್ ಚೆನ್ನಾಗೇ ಬಂದಿದೆ. ಅಪ್ಪಯ್ಯ ಬಿಕಾಂ ಸೇರು, ಆಮೇಲೆ ಬ್ಯಾಂಕ್ ಎಕ್ಸಾಂ ಬರಿ ಅಂತ ಪಟ್ಟು ಹಿಡ್ದು ಕೂತಿದಾರೆ. ನಂಗೆ ಬಿಎ ಸೈಕಾಲಜಿ ಮಾಡ್ಬೇಕು ಅಂತ. ಯಾಕೆ ಅಂದ್ರೆ ನಮ್ಮ ದೊಡ್ಡಪ್ಪನ ಮಗ ಒಬ್ಬ ಇದಾನೆ, ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದು ರೂಮಿಂದ ಆಚೆನೇ ಬರ್ತಿರ್ಲಿಲ್ಲ, ಮನೆಯವ್ರು ಪ್ರಶ್ನೆ ಕೇಳ್ಸಿ, ಶಾಂತಿ ಮಾಡ್ಸಿ, ತಾಯತ ಕಟ್ಸಿ ಎಲ್ಲಾ ಆದ್ಮೇಲೆ ಯಾರೋ ಹೇಳಿದ್ರು ಅಂತ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ರು. ಡಾಕ್ಟ್ರು ಮಾತ್ರೆ ಕೊಟ್ರು ಸರಿ, ಆದ್ರೆ ಪಕ್ಕದ ರೂಮಲ್ಲಿ ಒಬ್ರು ಮೇಡಂ ಹೋದಾಗೆಲ್ಲ ಅವ್ನ ಹತ್ರ ಅಷ್ಟೊತ್ತು ಕೂತು ಮಾತಾಡ್ತಿದ್ರಲ್ಲ, ಅವ್ರು ಎಂತ ಓದಿರ್ಬಹುದು ಅಂತ ನಂಗೆ ಆವಾಗಿಂದ ತಲೇಲಿ ಕೂತ್ಬಿಟ್ಟಿದೆ.

ಈಗ ನನ್ನ ಡೌಟು: ಪಿಯುಸಿಲಿ ಸೈಕಾಲಜಿ ತಗೊಂಡಿರ್ಲಿಲ್ಲ, ಕಾಮರ್ಸ್‌ನವ್ರಿಗೆ ಸೀಟ್ ಕೊಡ್ತಾರಾ? ಬಿಎ ಮಾತ್ರ ಮಾಡಿದ್ರೆ ಕೆಲ್ಸ ಸಿಗುತ್ತಾ ಇಲ್ಲ ಮುಂದೆ ಓದ್ಲೇಬೇಕಾ, ಓದೋದಾದ್ರೆ ಎಷ್ಟು ವರ್ಷ? ಶಿವಮೊಗ್ಗದಲ್ಲೇ ಓದೋದಾ ಬೆಂಗ್ಳೂರಿಗೆ ಹೋಗೋದಾ? ಮನೇಲಿ ತಮ್ಮನೂ ಇದಾನೆ, ತುಂಬಾ ಖರ್ಚು ಅಂದ್ರೆ ಆಗಲ್ಲ, ಈ ವರ್ಷ ಕೊಳೆರೋಗ, ಎಲೆಚುಕ್ಕಿ ಎರಡೂ ಸೇರಿ ಅಡಿಕೆ ತೋಟದ ಕಥೆ ನಿಮ್ಗೇ ಗೊತ್ತು. ಗೊತ್ತಿರೋರು ದಯವಿಟ್ಟು ಇದ್ದಿದ್ದು ಇದ್ದಂಗೆ ಹೇಳಿ.


ಭದ್ರಾ_ಬಲದಂಡೆ:

ನಾನು ಶಿವಮೊಗ್ಗದಲ್ಲೇ ಬಿಎ ಫೈನಲ್ ಇಯರ್, ಸೈಕಾಲಜಿ ಒಂದು ಸಬ್ಜೆಕ್ಟ್. ಕಾಮರ್ಸ್, ಸೈನ್ಸ್ ಎಲ್ಲಾ ಕಡೆಯಿಂದ ಬಂದವ್ರು ನಮ್ಮ ಕ್ಲಾಸಲ್ಲಿದಾರೆ, ಪಿಯುಸಿಲಿ ಓದಿರ್ಬೇಕು ಅಂತೇನಿಲ್ಲ, ಅದ್ರ ಬಗ್ಗೆ ತಲೆ ಕೆಡಿಸ್ಕೋಬೇಡ.

ಆದ್ರೆ ಒಂದು ಮೊದ್ಲೇ ಹೇಳ್ಬಿಡ್ತೀನಿ, ಮುಖ ನೋಡಿ ಮನ್ಸಲ್ಲಿ ಏನಿದೆ ಅಂತ ಹೇಳೋದು, ಹಿಪ್ನಾಟಿಸಂ, ಇನ್‌ಸ್ಟಾ ರೀಲ್ಸಲ್ಲಿ ಬರೋ ಥರದ್ದು, ಅದ್ಯಾವ್ದೂ ಇಲ್ಲಿಲ್ಲ. ಫಸ್ಟ್ ಇಯರ್ ಅಂದ್ರೆ ಮೆದುಳು, ನರ, ಕಣ್ಣು ಹೇಗೆ ನೋಡುತ್ತೆ, ನೆನಪು ಹೇಗೆ ಉಳಿಯುತ್ತೆ, ಕಲಿಕೆ ಅಂದ್ರೆ ಏನು, ಗಂಟೆ ಶಬ್ದಕ್ಕೇ ಜೊಲ್ಲು ಸುರಿಸೋಕೆ ಕಲಿತ ಪಾವ್ಲೋವ್ ನಾಯಿ. ಆಮೇಲೆ ಮಕ್ಕಳ ಬೆಳವಣಿಗೆ, ಸೋಶಿಯಲ್ ಸೈಕಾಲಜಿ, ಅಬ್ನಾರ್ಮಲ್ ಸೈಕಾಲಜಿ (ಎಲ್ರೂ ಇದಕ್ಕೇ ಕಾಯ್ತಿರ್ತಾರೆ, ಆ ಪೇಪರ್ ಬಂದಾಗ ಕ್ಲಾಸಲ್ಲಿ ಅರ್ಧ ಜನಕ್ಕೆ ತಮಗೇ ಎಲ್ಲಾ ಕಾಯಿಲೆ ಇದೆ ಅನ್ಸೋಕೆ ಶುರುವಾಗುತ್ತೆ). ಇದ್ರ ಜೊತೆ ಸ್ಟ್ಯಾಟಿಸ್ಟಿಕ್ಸ್ ಇದೆ, ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್. ನೀನು ಕಾಮರ್ಸ್ ಅಲ್ವಾ, ನಿಂಗೆ ಇದು ಆರಾಮಾಗುತ್ತೆ, ಆರ್ಟ್ಸ್‌ನಿಂದ ಬಂದ ನಾವು ಒದ್ದಾಡಿದ್ವಿ.

ಪ್ರಾಕ್ಟಿಕಲ್ಸ್ ಮಾತ್ರ ಮಜಾ ಇರುತ್ತೆ. ಮಿರರ್ ಡ್ರಾಯಿಂಗ್ ಅಂತ ಒಂದಿದೆ, ನಕ್ಷತ್ರದ ಆಕಾರಕ್ಕೆ ಎರಡು ಗೆರೆ ಹಾಕಿರ್ತಾರೆ, ಆ ಎರಡು ಗೆರೆ ಮಧ್ಯೆನೇ ಕಡ್ಡಿ ಓಡಿಸ್ಕೊಂಡು ಒಂದು ಸುತ್ತು ಬರ್ಬೇಕು, ಆದ್ರೆ ಕೈ ಕಾಣದ ಹಾಗೆ ಮರೆ ಇಟ್ಟಿರ್ತಾರೆ, ಎದುರಿಗಿರೋ ಕನ್ನಡೀಲಿ ಮಾತ್ರ ನೋಡ್ಬೇಕು. ಮೇಲೆ ಹೋಗ್ಬೇಕು ಅಂದ್ಕೊಂಡ್ರೆ ಕೈ ಕೆಳಗೆ ಹೋಗುತ್ತೆ. ಮೂಲೆ ಬಂದಾಗ ಕೈ ಅಲ್ಲೇ ಗರ ಬಡ್ದಂಗೆ ನಿಂತು ನಡುಗ್ತಾ ಇರುತ್ತೆ, ಪಕ್ಕದಲ್ಲಿ ಫ್ರೆಂಡ್ ಸ್ಟಾಪ್‌ವಾಚ್ ಹಿಡ್ಕೊಂಡು ಎಷ್ಟು ಸಲ ಗೆರೆ ದಾಟಿದೆ ಅಂತ ಎಣಿಸ್ತಿರ್ತಾಳೆ. ಒಂದು ಕೈಲಿ ಅಭ್ಯಾಸ ಮಾಡಿದ್ದು ಇನ್ನೊಂದು ಕೈಗೂ ಬರುತ್ತಾ ಅಂತ ನೋಡೋ ಎಕ್ಸ್‌ಪೆರಿಮೆಂಟ್ ಅದು. ಆಮೇಲೆ ಮುಲ್ಲರ್-ಲಯರ್, ಅದೇ ಉದ್ದದ ಎರಡು ಗೆರೆ, ತುದೀಲಿ ಬಾಣದ ಗುರುತು ಒಳಗೋ ಹೊರಗೋ ತಿರುಗಿದ್ರೆ ಒಂದು ಉದ್ದ ಒಂದು ಗಿಡ್ಡ ಕಾಣುತ್ತೆ, ಎರಡೂ ಸಮ ಅಂತ ಗೊತ್ತಿದ್ರೂ ಕಣ್ಣು ಕೇಳಲ್ಲ. ಪ್ರತಿಯೊಂದಕ್ಕೂ ರೆಕಾರ್ಡ್ ಬರೀಬೇಕು, ಉದ್ದೇಶ, ಸಾಮಗ್ರಿ, ವಿಧಾನ, ಟೇಬಲ್, ಗ್ರಾಫ್, ಚರ್ಚೆ ಅಂತ. ರೆಕಾರ್ಡ್ ಬರ್ದೂ ಬರ್ದೂ ಕೈ ನೋವು ಬರುತ್ತೆ, ಅದೊಂದು ತಯಾರಿರು.


ಅಡಿಕೆ_ಸಿಪ್ಪೆ:

ಎಲ್ಲಾ ಸರಿ ಮಾರಾಯ್ರೆ, ಹೊಟ್ಟೆಗೆ ಎಂತ? ನಮ್ಮೂರಲ್ಲಿ ಒಬ್ಳು ಬಿಎ ಸೈಕಾಲಜಿ ಮಾಡಿ ಈಗ ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಬಿಲ್ಲಿಂಗ್‌ನಲ್ಲಿ ಕೂತಿದಾಳೆ. ಹುಚ್ಚರ ಡಾಕ್ಟ್ರು ಆಗ್ಬೇಕಂದ್ರೆ ಎಂಬಿಬಿಎಸ್ ಬೇಕು, ಅದು ಬಿಟ್ಟು ಬಿಎ ಮಾಡಿ ಯಾರಿಗೆ ಮದ್ದು ಕೊಡ್ತಾರೆ? ಅಪ್ಪ ಹೇಳಿದ್ದು ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ, ಬೇಜಾರು ಮಾಡ್ಕೋಬೇಡ ತಂಗಿ.


ಶರಾವತಿ_ಹಿನ್ನೀರು:

@ಅಡಿಕೆ_ಸಿಪ್ಪೆ ಅವ್ರೇ, ಮೊದ್ಲು ಆ ಹುಚ್ಚರ ಡಾಕ್ಟ್ರು ಅನ್ನೋದನ್ನ ಬಿಡಿ. ಆ ಮಾತಿಗೆ ಹೆದರ್ಕೊಂಡೇ ನಮ್ಮ ಕಡೆ ಜನ ಆಸ್ಪತ್ರೆಗೆ ಬರೋದು ವರ್ಷಗಟ್ಲೆ ಲೇಟ್ ಮಾಡೋದು. ಮದ್ದಿನ ವಿಷ್ಯಕ್ಕೆ ನೀವು ಹೇಳಿದ್ದು ಸರಿ, ಮಾತ್ರೆ ಬರೆಯೋರು ಸೈಕಿಯಾಟ್ರಿಸ್ಟ್, ಅವ್ರು ಎಂಬಿಬಿಎಸ್ ಆಗಿ ಅದ್ರ ಮೇಲೆ ಎಂಡಿ ಮಾಡಿರ್ತಾರೆ. ಸೈಕಾಲಜಿಸ್ಟ್ ಮಾತ್ರೆ ಕೊಡೋ ಹಾಗಿಲ್ಲ. ಟೆಸ್ಟ್ ಮಾಡೋದು, ಥೆರಪಿ ಕೊಡೋದು, ಮನೆಯವ್ರಿಗೆ ತಿಳಿಸಿ ಹೇಳೋದು ಅವ್ರ ಕೆಲ್ಸ. ತಂಗಿ ನೋಡಿದ ಆ ಮೇಡಂ ಬಹುಶಃ ಕ್ಲಿನಿಕಲ್ ಸೈಕಾಲಜಿಸ್ಟ್ ಇರ್ಬೇಕು, ಇಲ್ಲಾಂದ್ರೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್.

ನಾನೂ ಆ ಕೆಲ್ಸದಲ್ಲೇ ಇರೋಳು, ಸಾಗರದ ಕಡೆಯವ್ಳು, ಈಗ ಬೆಂಗ್ಳೂರು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಓದ್ಕೋ.

ಬಿಎ ಸೈಕಾಲಜಿ ಮಾಡಿದ ತಕ್ಷಣ ನೀನು ಸೈಕಾಲಜಿಸ್ಟ್ ಆಗಲ್ಲ. ಇದನ್ನ ಕಾಲೇಜ್‌ನವ್ರು ಅಡ್ಮಿಷನ್ ಟೈಮಲ್ಲಿ ಬಿಡಿಸಿ ಹೇಳಲ್ಲ, ಅದೇ ನಂಗೆ ಕೋಪ ಬರೋದು. ಮೂರು ವರ್ಷದ ಡಿಗ್ರಿ ಆದ್ಮೇಲೆ ಎಂಎ ಇಲ್ಲಾ ಎಂಎಸ್ಸಿ ಎರಡು ವರ್ಷ, ಅದಾದ್ಮೇಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಬೇಕಂದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ರಿಜಿಸ್ಟರ್ ಆಗ್ಬೇಕು. 1992ರ ಕಾಯ್ದೆ ಅದು. ರಿಜಿಸ್ಟರ್ ಆದವ್ರಿಗೆ ಸಿಆರ್‌ಆರ್ ನಂಬರ್ ಅಂತ ಕೊಡ್ತಾರೆ. ಯಾರಾದ್ರೂ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆ ನಂಬರ್ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೇಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ ಬರ್ದಿದೆ, ಸೈಕಾಲಜಿ ಪಿಜಿ ಮಾಡಿ, ಆರ್‌ಸಿಐ ಒಪ್ಪಿದ ಕಡೆ ಎರಡು ವರ್ಷ ಫುಲ್ ಟೈಮ್ ಎಂಫಿಲ್ ಮಾಡಿರೋರು ಅಂತ.

ಆ ಎಂಫಿಲ್ ಅಂದ್ರೆ ಲೈಬ್ರರೀಲಿ ಕೂತು ಥೀಸಿಸ್ ಬರೆಯೋ ಎಂಫಿಲ್ ಅಲ್ಲ ಮತ್ತೆ. ಬೆಳಿಗ್ಗೆಯಿಂದ ಸಂಜೆ ತನಕ ಆಸ್ಪತ್ರೆಲೇ. ಓಪಿಡಿ, ವಾರ್ಡು, ಮಕ್ಕಳ ವಿಭಾಗ, ಕುಡಿತ ಬಿಡಿಸೋ ವಿಭಾಗ ಅಂತ ಒಂದೊಂದ್ಕಡೆ ಪೋಸ್ಟಿಂಗ್ ಹಾಕ್ತಾರೆ, ಸೀನಿಯರ್ ಎದುರಿಗೆ ಕೇಸ್ ಮಂಡಿಸ್ಬೇಕು, ಅವ್ರು ಬೈತಾರೆ, ವಾಪಸ್ ಹೋಗಿ ಪೇಷಂಟ್ ಮನೆಯವ್ರನ್ನ ಮತ್ತೆ ಮಾತಾಡಿಸ್ಕೊಂಡು ಬರ್ಬೇಕು. ನಮ್ಮ ರಾಜ್ಯದಲ್ಲಿ ಬೆಂಗ್ಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ, ಎರಡೂ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆಗಳು. ಸೀಟು ಬೆರಳೆಣಿಕೆ, ಎಂಟ್ರೆನ್ಸ್‌ಗೆ ಬರೋರು ಜಾತ್ರೆ.

ಈಗ ಇನ್ನೊಂದು ಬದಲಾವಣೆ ನಡೀತಿದೆ, ಇದು ನಿಂಗೆ ಮುಖ್ಯ ಯಾಕೆ ಅಂದ್ರೆ ನೀನು ಅಲ್ಲಿಗೆ ಬರೋ ಹೊತ್ತಿಗೆ ಐದು ವರ್ಷ ಆಗಿರುತ್ತೆ. ಹೊಸ ಶಿಕ್ಷಣ ನೀತಿ ಬಂದ್ಮೇಲೆ ಎಂಫಿಲ್ಲೇ ತೆಗೆದ್ರು, ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ ಮಾತ್ರ ಯುಜಿಸಿ (ವಿಶ್ವವಿದ್ಯಾನಿಲಯಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2025-26ರ ಸಾಲಿನ ತನಕ ಅಂತ ವಿನಾಯ್ತಿ ಕೊಟ್ಟಿತ್ತು. ಅದ್ರ ಬದ್ಲಿಗೆ ಅಂತ ಆರ್‌ಸಿಐ ತನ್ನದೇ ಸಿಲೆಬಸ್‌ನ ಎಂಎ ಕ್ಲಿನಿಕಲ್ ಸೈಕಾಲಜಿ, ಅದ್ರ ಮೇಲೆ ಸೈಡಿ (PsyD) ಅನ್ನೋ ಡಾಕ್ಟರೇಟ್ ಕೋರ್ಸ್ ತಂದಿದೆ, ಪಿಯುಸಿ ಆದ ತಕ್ಷಣ ಸೇರೋ ನಾಲ್ಕು ವರ್ಷದ ಬಿಎಸ್ಸಿ ಕ್ಲಿನಿಕಲ್ ಸೈಕಾಲಜಿ ಆನರ್ಸ್ ಕೂಡ ಇದೆ. ಎಲ್ಲಾ ಕಾಲೇಜಲ್ಲೂ ಇಲ್ಲ. ಹೆಸ್ರು ಒಂದೇ ಥರ ಇದ್ರೂ ಆರ್‌ಸಿಐ ಒಪ್ಪಿಗೆ ಇಲ್ಲದ ಎಂಎಸ್ಸಿ ಕ್ಲಿನಿಕಲ್ ಸೈಕಾಲಜಿ ಕೋರ್ಸ್‌ಗಳು ಬೇಕಾದಷ್ಟಿವೆ, ಅದು ಮಾಡಿದ್ರೆ ಓದಿನ ಜ್ಞಾನ ಸಿಗುತ್ತೆ ಆದ್ರೆ ಆ ನಂಬರ್ ಸಿಗಲ್ಲ. ಫೀಸು ಕಟ್ಟೋ ಮುಂಚೆ ಆರ್‌ಸಿಐ ವೆಬ್‌ಸೈಟಲ್ಲಿ ಕಾಲೇಜ್ ಹೆಸ್ರು ಇದ್ಯಾ ಅಂತ ನೀನೇ ಹುಡುಕಿ ನೋಡು, ಕಾಲೇಜ್‌ನವ್ರು ಕೊಡೋ ಪಾಂಪ್ಲೆಟ್ ನಂಬ್ಬೇಡ.

ಇನ್ನೊಂದು ಎಚ್ಚರಿಕೆ. ಖರ್ಚು ಉಳಿಸೋಕೆ ಮನೇಲೇ ಕೂತು ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡ್ಬಹುದಲ್ಲ ಅಂತ ಯಾರಾದ್ರೂ ಹೇಳ್ತಾರೆ. ಮೊದ್ಲು ಇತ್ತು, ಇಗ್ನೋದಲ್ಲಿ ಎಷ್ಟೋ ಜನ ಮಾಡಿದಾರೆ. 2025ರ ಜುಲೈ-ಆಗಸ್ಟ್ ಸಾಲಿಂದ ಸೈಕಾಲಜಿನ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಕೊಡೋ ಹಾಗಿಲ್ಲ ಅಂತ ಯುಜಿಸಿ ನಿಲ್ಲಿಸಿದೆ. ಹಾಗಾಗಿ ಯಾರಾದ್ರೂ ಹೊಸ ಆನ್‌ಲೈನ್ ಡಿಗ್ರಿ ಕೊಡ್ತೀವಿ ಅಂದ್ರೆ ದೂರ ಇರು. ವಾರಾಂತ್ಯದ ಎರಡು ದಿನದ ಕ್ಲಾಸು, ಕೊನೆಗೆ ಸರ್ಟಿಫೈಡ್ ಕೌನ್ಸೆಲರ್ ಅಂತ ಬಣ್ಣದ ಪೇಪರು, ಅಂಥದ್ದಕ್ಕಂತೂ ಒಂದು ರೂಪಾಯಿನೂ ಹಾಕ್ಬೇಡ.

ಕೆಲ್ಸ ಎಂತದು ಅಂತ ಒಂದು ಉದಾಹರಣೆ ಹೇಳ್ತೀನಿ. ಬುದ್ಧಿಮಾಂದ್ಯ ಅಂತ ಅಂಗವಿಕಲರ ಕಾರ್ಡು, ಯುಡಿಐಡಿ ಅಂತಾರಲ್ಲ, ಅದು ಆಗ್ಬೇಕಂದ್ರೆ ಮಗೂಗೆ ಬುದ್ಧಿಮಟ್ಟದ ಟೆಸ್ಟ್ ಆಗ್ಬೇಕು. ಅಮ್ಮ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹತ್ತಿಸ್ಕೊಂಡು ಬಂದಿರ್ತಾರೆ, ಮಗು ಬಸ್ಸಲ್ಲಿ ವಾಂತಿ ಮಾಡ್ಕೊಂಡು ಸುಸ್ತಾಗಿರುತ್ತೆ. ಆ ಹೊತ್ತಲ್ಲಿ ಟೆಸ್ಟ್ ಶುರು ಮಾಡಿದ್ರೆ ಬರೋ ಅಂಕ ಮಗುವಿನ ಅಂಕ ಅಲ್ಲ. ಮೊದ್ಲು ಇಡ್ಲಿ ತಿನ್ಸಿ ಅಂತ ಕ್ಯಾಂಟೀನಿಗೆ ಕಳಿಸ್ಬೇಕು, ಆಮೇಲೆ ಮನೇಲಿ ನಾಯಿ ಇದ್ಯಾ, ಕರು ಇದ್ಯಾ ಅಂತ ಮಾತಾಡಿಸ್ಬೇಕು, ಮಗು ಒಂಚೂರು ನಕ್ಕ ಮೇಲೆ ಅಂಕಿ ಹೇಳ್ತೀನಿ ವಾಪಸ್ ಹೇಳು ಅಂತ ಶುರು ಮಾಡೋದು. ಇವತ್ತಿಗೂ ನಾವು ಬಿನೆ-ಕಾಮತ್ ಟೆಸ್ಟ್ ಬಳಸ್ತೀವಿ, ಕಾಮತ್ ಅನ್ನೋರು 1930ರ ದಶಕದಲ್ಲಿ ಫ್ರಾನ್ಸಿನ ಬಿನೆ ಪರೀಕ್ಷೆನ ಕನ್ನಡ, ಮರಾಠಿ ಮಕ್ಕಳಿಗೆ ಹೊಂದ್ಸಿ ಮಾಡಿದ್ದು. ತುಂಬಾ ಹಳೇದಾಯ್ತು, ಹೊಸದು ಬೇಕು ಅನ್ನೋ ಜಗಳ ನಮ್ಮಲ್ಲಿದೆ, ಅದು ಬೇರೆ ಕಥೆ.


ಅಡಿಕೆ_ಸಿಪ್ಪೆ:

ಸರಿ ಮೇಡಂ, ಮಾತು ವಾಪಸ್ ತಗೊಂಡೆ. ಆದ್ರೆ ಲೆಕ್ಕ ಹಾಕಿ, ಡಿಗ್ರಿ ಮೂರು, ಎಂಎ ಎರಡು, ಮತ್ತೆ ಅದ್ರ ಮೇಲೆ ಇನ್ನೊಂದು. ಅಷ್ಟೊತ್ತಿಗೆ ಬಿಕಾಂ ಮಾಡಿದ ಇವ್ಳ ಫ್ರೆಂಡ್ಸು ಬ್ಯಾಂಕಲ್ಲಿ ಪ್ರಮೋಷನ್ ತಗೊಂಡಿರ್ತಾರೆ. ತೋಟದ ಮನೆಯವ್ರು ಅಷ್ಟು ವರ್ಷ ಓದ್ಸೋದು ಹೇಗೆ?


ಮಲ್ನಾಡ್_ಗಿಡ್ಡ:

ಇವ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ನಾನು ಹೇಳ್ತೀನಿ. ಎಲ್ರೂ ಕ್ಲಿನಿಕಲ್ ಸೈಕಾಲಜಿಸ್ಟೇ ಆಗ್ಬೇಕು ಅಂತೇನಿಲ್ಲ. ನಾನು ತಾಲೂಕು ಆಸ್ಪತ್ರೇಲಿ ಆಪ್ತಸಮಾಲೋಚಕ, ಎಂಎ ಸೈಕಾಲಜಿ. ಊರು ಹೇಳಲ್ಲ, ಮಲೆನಾಡೇ. ಸರ್ಕಾರಿ ವ್ಯವಸ್ಥೇಲಿ ಇಂಥ ಹುದ್ದೆ ಅಲ್ಲೊಂದು ಇಲ್ಲೊಂದು ಇದಾವೆ, ಹೆಚ್‌ಐವಿ ಪರೀಕ್ಷೆ ಮಾಡೋ ಐಸಿಟಿಸಿಲಿ ಕೌನ್ಸೆಲರ್, ಹದಿಹರೆಯದ ಮಕ್ಕಳಿಗೆ ಸ್ನೇಹ ಕ್ಲಿನಿಕ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಹೆಣ್ಮಕ್ಕಳಿಗೆ ಸಖಿ ಕೇಂದ್ರ, ಮಕ್ಕಳ ರಕ್ಷಣಾ ಘಟಕ. ಸೈಕಾಲಜಿ ಇಲ್ಲಾ ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಪಿಜಿ) ಮಾಡಿದವ್ರನ್ನ ತಗೋತಾರೆ. ಹೆಚ್ಚಿನವು ಕಾಂಟ್ರಾಕ್ಟು. ಸಂಬಳ ಹೊಸದಾಗಿ ಸೇರಿದ ಬ್ಯಾಂಕ್ ಕ್ಲರ್ಕ್‌ಗಿಂತ ಕಮ್ಮಿ, ಅದೂ ಕೆಲವು ಸಲ ಅನುದಾನ ಬಂದಿಲ್ಲ ಅಂತ ತಡ ಆಗುತ್ತೆ, ವರ್ಷಾ ವರ್ಷಾ ರಿನ್ಯೂವಲ್ ಆಗುತ್ತೋ ಇಲ್ವೋ ಅಂತ ಕಾಯ್ಬೇಕು. ದುಡ್ಡಿಗೋಸ್ಕರ ಬರೋರಿಗೆ ಇದು ಜಾಗ ಅಲ್ಲ, ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ಆದ್ರೆ ಜನ ಬೇಕಾಗಿದಾರೆ. ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೇಲಿ ದೊಡ್ಡವರಲ್ಲಿ ನೂರಕ್ಕೆ 10.6 ಜನಕ್ಕೆ ಯಾವ್ದೋ ಒಂದು ಮಾನಸಿಕ ತೊಂದ್ರೆ ಇತ್ತು ಅಂತ ಬಂತು, ಅವ್ರಲ್ಲಿ ಚಿಕಿತ್ಸೆ ಸಿಗದೇ ಇರೋರು 70ರಿಂದ 92 ಪರ್ಸೆಂಟ್ ತನಕ, ಯಾವ ಕಾಯಿಲೆ ಅನ್ನೋದ್ರ ಮೇಲೆ ಹೋಗುತ್ತೆ. ನಮ್ಮಲ್ಲಿ ಮಂಗಳವಾರ ಸೈಕಿಯಾಟ್ರಿಸ್ಟ್ ತಾಲೂಕು ಆಸ್ಪತ್ರೆಗೆ ಬರೋ ಮನೋಚೈತನ್ಯ ಅಂತ ಇದೆ, ಅವತ್ತು ಬಂದು ನೋಡ್ಬೇಕು ಸಾಲು. ಯಾರೂ ಬಂದು ನಂಗೆ ಡಿಪ್ರೆಶನ್ ಆಗಿದೆ ಅನ್ನಲ್ಲ. ಗ್ಯಾಸು, ಎದೆ ಡವಡವ, ನಿದ್ದೆ ಇಲ್ಲ, ತಲೆ ಒಳಗೆ ಹುಳ ಹರಿದಂಗೆ ಆಗುತ್ತೆ, ಇಸಿಜಿ ಮಾಡ್ಸಿದೀವಿ ಏನೂ ಇಲ್ಲ ಅಂದ್ರು, ಸ್ಕ್ಯಾನಿಂಗ್ ಮಾಡ್ಸಿದೀವಿ ಏನೂ ಇಲ್ಲ ಅಂದ್ರು ಅಂತ ಫೈಲ್ ಹಿಡ್ಕೊಂಡು ಬರ್ತಾರೆ. ನೀವು ಅವ್ರ ಜೊತೆ ಮಳೆ ಎಷ್ಟಾಯ್ತು, ಅಡಿಕೆ ಕೊನೆ ಇಳ್ಸೋ ಕೊನೆಗೌಡ್ರು ಸಿಕ್ಕಿದ್ರಾ, ಸೊಸೈಟಿ ಸಾಲ ಎಂತಾಯ್ತು ಅಂತ ಕೇಳ್ತಾ ಹೋದ್ರೆ ಅರ್ಧ ಗಂಟೆ ಆದ್ಮೇಲೆ ಮಗ ಬೆಂಗ್ಳೂರಿಂದ ಫೋನ್ ಮಾಡೋದೇ ಬಿಟ್ಟಿದಾನೆ ಅನ್ನೋದು ಹೊರಗೆ ಬರುತ್ತೆ. ನಮ್ಮ ಕಡೆ ಎಷ್ಟು ಮನೇಲಿ ಈಗ ಬರೀ ವಯಸ್ಸಾದ ಇಬ್ರೇ ಇದಾರೆ, ಪಕ್ಕದ ಮನೆ ಅಂದ್ರೆ ಒಂದು ಗುಡ್ಡ ಇಳ್ದು ಹತ್ಬೇಕು. ಇದನ್ನ ಕೇಳೋಕೆ ಇಲ್ಲಿ ಹುಟ್ಟಿ ಬೆಳೆದವ್ರೇ ಬೇಕು. ಇಂಗ್ಲಿಷ್ ಪುಸ್ತಕ ಅರೆದು ಕುಡಿದು ಬಂದ ಕೆಲವ್ರು ಪೇಷಂಟ್ ಮುಂದೆ ಫಾರಂ ಇಟ್ಟು ಕಳೆದ ಎರಡು ವಾರದಲ್ಲಿ ಎಷ್ಟು ದಿನ ಆಸಕ್ತಿ ಇರ್ಲಿಲ್ಲ ಅಂತ ಓದಿ ಕೇಳೋದು ನೋಡಿದೀನಿ, ಅಜ್ಜಮ್ಮ ಪಾಪ ಎಲ್ಲಾದಕ್ಕೂ ಹೂಂ ಅಂತಾರೆ.

ಪ್ರಶ್ನೆ ಕೇಳೋದು, ಹರಕೆ, ತಾಯತ ಇದೆಲ್ಲ ಇದ್ದೇ ಇರುತ್ತೆ. ಅದನ್ನ ಮೂಢನಂಬಿಕೆ ಅಂತ ಬೈದ್ರೆ ಅವ್ರು ಮುಂದಿನ ತಿಂಗ್ಳು ಬರಲ್ಲ ಅಷ್ಟೇ. ಪೂಜೆನೂ ಮಾಡ್ಸಿ, ಮಾತ್ರೆನೂ ನಿಲ್ಲಿಸ್ಬೇಡಿ ಅನ್ನೋದು ನನ್ನ ದಾರಿ. ಮೇಡಂ ಒಪ್ತಾರೋ ಇಲ್ವೋ ಗೊತ್ತಿಲ್ಲ.

ಹಾಂ, ಓದ್ತಾ ಇರೋ ಯಾರಿಗಾದ್ರೂ ನಿಮಗೇ ಮಾತಾಡೋಕೆ ಬೇಕು ಅನ್ಸಿದ್ರೆ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. 2022ರ ಅಕ್ಟೋಬರ್ 10ರಿಂದ ಇದೆ.


ಶರಾವತಿ_ಹಿನ್ನೀರು:

ಒಪ್ತೀನಿ ಮಾರಾಯ್ರೆ, ಪೂರ್ತಿ ಒಪ್ತೀನಿ. ಹೊಡೆಯೋದು, ಕಟ್ಟಿ ಹಾಕೋದು, ಉಪವಾಸ ಕೆಡವೋದು ಇದ್ದಾಗ ಮಾತ್ರ ಸುಮ್ನಿರೋಕಾಗಲ್ಲ.


ನಿವೃತ್ತ_ಮೇಷ್ಟ್ರು:

ಮಗೂ, ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಅಧ್ಯಾಪನದ ದಾರಿಯನ್ನು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಂಎ ಜೊತೆಗೆ ಬಿ.ಎಡ್ ಇದ್ದರೆ ಪಿಯು ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಬಹುದು, ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಆಗಬೇಕು. ಆದರೆ ಸೈಕಾಲಜಿ ಇರುವ ಕಾಲೇಜುಗಳೇ ಕಡಿಮೆ, ಇತಿಹಾಸ ಅರ್ಥಶಾಸ್ತ್ರಕ್ಕೆ ಕರೆದಷ್ಟು ಹುದ್ದೆ ಇದಕ್ಕೆ ಕರೆಯುವುದಿಲ್ಲ, ಅತಿಥಿ ಉಪನ್ಯಾಸಕರಾಗಿಯೇ ಎಷ್ಟೋ ವರ್ಷ ದುಡಿಯುವವರಿದ್ದಾರೆ.

ವಿಷಯ ನಮಗೆ ಹೊಸದೇನೂ ಅಲ್ಲ ಎಂದು ನಿನ್ನ ತಂದೆಯವರಿಗೆ ಹೇಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಗಿತ್ತು, ಕಲ್ಕತ್ತ ಬಿಟ್ಟರೆ ದೇಶದಲ್ಲಿ ಬಹಳ ಮೊದಲಿನದು. ಅಲ್ಲಿ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿ ಆಕಾಶವಾಣಿ ಅಂತ ನಡೆಸಿದ್ದು! ಸೈಕಾಲಜಿ ಮೇಷ್ಟರಿಗೆ ರೇಡಿಯೋ ಹುಚ್ಚು. ಇನ್ನು ನಮ್ಮ ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವ ತನಕ ಪತ್ರಿಕೆಗಳಲ್ಲಿ ಬರೆದು, ಊರೂರಲ್ಲಿ ಭಾಷಣ ಮಾಡಿ ಜನರ ಹೆದರಿಕೆ ಬಿಡಿಸಿದವರು. ಅವರು ಮನೋವೈದ್ಯರು, ಸೈಕಾಲಜಿಸ್ಟ್ ಅಲ್ಲ, ಆದರೂ ಈ ಊರಿನಲ್ಲಿ ಇವತ್ತು ಜನ ಇಷ್ಟಾದರೂ ಬಾಯಿಬಿಟ್ಟು ಮಾತಾಡುತ್ತಾರೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ಕನ್ನಡದಲ್ಲಿ ಓದಬೇಕೆಂದರೆ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಯಾವ ಲೈಬ್ರರಿಯಲ್ಲಾದರೂ ಸಿಗುತ್ತವೆ, ಸೀಟು ತಗೊಳ್ಳುವ ಮುಂಚೆ ಒಂದೆರಡು ಓದಿ ನೋಡು, ಬೇಜಾರು ಬಂದರೆ ಬಿಕಾಂಗೆ ಸೇರು.


ತಾಳಗುಪ್ಪ_ಟ್ರೈನು:

ಲಾಸ್ಟ್ ಲೈನ್ ಸೂಪರ್ ಮೇಷ್ಟ್ರೆ 😄

ನಾನು ಬೆಂಗ್ಳೂರಲ್ಲಿ ಹೆಚ್‌ಆರ್, ಡಿಗ್ರಿಲಿ ಸೈಕಾಲಜಿ ಇತ್ತು ಆಮೇಲೆ ಎಂಬಿಎ. ಆಸ್ಪತ್ರೆ ಕಡೆ ಹೋಗೋಕೆ ಇಷ್ಟ ಇಲ್ಲದವ್ರಿಗೆ ಬೇರೆ ದಾರಿನೂ ಇದೆ ಅಂತ ಹೇಳೋಕೆ ಬಂದೆ. ಬಿಎ ಒಂದ್ರಲ್ಲೇ ಬೆಂಗ್ಳೂರಿಗೆ ಬಂದ್ರೆ ರೆಕ್ರೂಟರ್ ಕೆಲ್ಸ, ಕಾಲ್ ಸೆಂಟರ್, ಎನ್‌ಜಿಓ ಫೀಲ್ಡ್ ಕೆಲ್ಸ ಇಂಥದ್ದು ಸಿಗುತ್ತೆ, ಅದು ಯಾವ ಡಿಗ್ರಿ ಆದ್ರೂ ಸಿಗೋದೇ, ಸೈಕಾಲಜಿ ಅಂತ ಜಾಸ್ತಿ ಕೊಡಲ್ಲ. ಅದ್ರ ಮೇಲೆ ಎಂಬಿಎ ಹೆಚ್‌ಆರ್ ಇಲ್ಲಾ ಎಂಎಸ್‌ಡಬ್ಲ್ಯೂ ಮಾಡಿದ್ರೆ ಕಂಪನಿ ಕೆಲ್ಸ. ಆ್ಯಪ್ ಬಳಸೋರು ಎಲ್ಲಿ ಸಿಕ್ಕಾಕ್ಕೋತಾರೆ ಅಂತ ನೋಡೋ ಯೂಸರ್ ರಿಸರ್ಚ್ ಕೆಲ್ಸಕ್ಕೂ ಸೈಕಾಲಜಿಯವ್ರನ್ನ ಕೇಳ್ತಾರೆ, ಅಲ್ಲಿ ಭದ್ರಾ_ಬಲದಂಡೆ ಹೇಳಿದ ಆ ಸ್ಟ್ಯಾಟಿಸ್ಟಿಕ್ಸ್ ಉಪಯೋಗಕ್ಕೆ ಬರೋದು. ಯುಪಿಎಸ್‌ಸಿ ಮೇನ್ಸ್‌ಗೆ ಆಪ್ಷನಲ್ ಆಗಿ ಸೈಕಾಲಜಿ ಇದೆ. ಸಿಬಿಎಸ್‌ಇ ಸ್ಕೂಲ್‌ಗಳಲ್ಲಿ ಕೌನ್ಸೆಲರ್ ಇರ್ಬೇಕು ಅಂತ ರೂಲ್ ಇದೆ, ಶಿವಮೊಗ್ಗದಂಥ ಊರಲ್ಲೂ ಇವಾಗ ಆ ಸ್ಕೂಲ್‌ಗಳು ಇದಾವಲ್ಲ. ಸ್ಪೆಷಲ್ ಬಿ.ಎಡ್ ಮಾಡಿ ವಿಶೇಷ ಮಕ್ಕಳ ಟೀಚರ್ ಆದ್ರೆ ಅದಕ್ಕೂ ಆರ್‌ಸಿಐ ರಿಜಿಸ್ಟ್ರೇಷನ್ನೇ, ಓದೋ ವರ್ಷನೂ ಕಮ್ಮಿ, ಆ ಟೀಚರ್‌ಗಳಿಗೆ ಬೇಡಿಕೆ ತುಂಬಾ ಇದೆ, ಯಾಕೋ ಯಾರೂ ಅದನ್ನ ಯೋಚ್ನೆನೇ ಮಾಡಲ್ಲ.

ಇಂಗ್ಲಿಷ್ ಮಾತ್ರ ಈಗಿಂದ್ಲೇ ಗಟ್ಟಿ ಮಾಡ್ಕೋ. ಎಂಎ, ಎಂಟ್ರೆನ್ಸು ಎಲ್ಲಾ ಇಂಗ್ಲಿಷಲ್ಲೇ.


ಹೊಸನಗರದ_ಕೂಸು:

ಇಷ್ಟೊಂದು ಜನ ಇಷ್ಟು ಬರೀತೀರಾ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಅಪ್ಪಯ್ಯಂಗೆ ಎಲ್ಲಾ ಓದಿ ಹೇಳ್ದೆ. ಮೇಷ್ಟ್ರು ಬರ್ದಿದ್ದಕ್ಕೆ ನಕ್ರು. ಅಡಿಕೆ_ಸಿಪ್ಪೆ ಅಣ್ಣ ಬರ್ದಿದ್ದಕ್ಕೆ ನೋಡು ನೋಡು ಅಂದ್ರು 🙄 ಆಮೇಲೆ ಆ ಕಾಂಟ್ರಾಕ್ಟ್ ಸಂಬಳದ್ದು ಕೇಳಿ ಸುಮ್ನಾದ್ರು. ಈಗ ಹೇಳ್ತಿರೋದು, ಶಿವಮೊಗ್ಗದಲ್ಲಾದ್ರೆ ಸರ್ಕಾರಿ ಹಾಸ್ಟೆಲ್ ಸಿಕ್ರೆ ಬಿಎಗೆ ಹೋಗು, ಮೂರು ವರ್ಷ ಆದ್ಮೇಲೆ ಬೇಕಾದ್ರೆ ಬ್ಯಾಂಕ್ ಎಕ್ಸಾಂ ಬರಿಯೋಕೂ ಆಗುತ್ತಲ್ಲ ಅಂತ. ಹೌದಲ್ವಾ, ಬ್ಯಾಂಕ್ ಎಕ್ಸಾಂಗೆ ಯಾವ ಡಿಗ್ರಿ ಆದ್ರೂ ಆಗುತ್ತಲ್ಲ?

ಶರಾವತಿ ಅಕ್ಕ, ಆ ನಾಲ್ಕು ವರ್ಷದ್ದಕ್ಕೆ ಹೋಗ್ಲಾ ಇಲ್ಲ ಮಾಮೂಲಿ ಬಿಎನಾ? ಮತ್ತೆ ಮಲ್ನಾಡ್_ಗಿಡ್ಡ ಸರ್, ಒಂದು ಮಂಗಳವಾರ ಬಂದು ನಿಮ್ಮ ಜೊತೆ ಕೂತು ನೋಡ್ಬಹುದಾ, ಸುಮ್ನೆ ಮೂಲೇಲಿ ಕೂತಿರ್ತೀನಿ.


ಅಡಿಕೆ_ಸಿಪ್ಪೆ:

ಕ್ಲರ್ಕ್, ಪಿಓ ಎರಡಕ್ಕೂ ಯಾವ ಡಿಗ್ರಿ ಆದ್ರೂ ನಡೆಯುತ್ತೆ. ನಿಮ್ಮಪ್ಪಂಗೆ ನನ್ನ ನಮಸ್ಕಾರ ಹೇಳು.


ಶರಾವತಿ_ಹಿನ್ನೀರು:

ಆ ನಾಲ್ಕು ವರ್ಷದ ಬಿಎಸ್ಸಿ ಇರೋ ಕಡೆ ಹೋಗ್ಬೇಕಂದ್ರೆ ಊರು ಬಿಡ್ಬೇಕು, ಫೀಸೂ ಜಾಸ್ತಿ. ನೀನ್ ಹೇಳಿದ ಪರಿಸ್ಥಿತೀಲಿ ಶಿವಮೊಗ್ಗದ ಮಾಮೂಲಿ ಬಿಎನೇ ಸಾಕು, ಉಳಿಸಿದ ದುಡ್ಡು ಎಂಎಗೆ ಆಗುತ್ತೆ, ನೀನು ದೊಡ್ಡ ಊರಿಗೆ ಹೋಗ್ಬೇಕಾಗಿರೋದು ಆವಾಗ. ಆ ಹೊಸ ಶಿಕ್ಷಣ ನೀತಿ (ಎನ್‌ಇಪಿ) ಇದ್ದಾಗ ಇಲ್ಲೂ ನಾಲ್ಕನೇ ವರ್ಷದ ಆನರ್ಸ್ ಅಂತಿತ್ತು, 2024-25ರಿಂದ ರಾಜ್ಯದಲ್ಲಿ ವಾಪಸ್ ಮೂರು ವರ್ಷ ಮಾಡಿದಾರೆ. ಅದ್ರಿಂದ ನಿಂಗೆ ತೊಂದ್ರೆ ಏನಿಲ್ಲ, ಫಾರಿನ್‌ಗೆ ಹೋಗೋ ಯೋಚ್ನೆ ಇದ್ರೆ ಮಾತ್ರ ಕೆಲವು ಕಡೆ ನಾಲ್ಕು ವರ್ಷ ಕೇಳ್ತಾರೆ. ಜೊತೆಗೆ ಬರೋ ಬೇರೆ ಸಬ್ಜೆಕ್ಟು ಸೋಶಿಯಾಲಜಿ ಸಿಕ್ರೆ ತಗೋ. ಅಪ್ಲಿಕೇಶನ್ ರಾಜ್ಯದ ಡಿಗ್ರಿ ಅಡ್ಮಿಷನ್‌ನ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ಜಾತಿ-ಆದಾಯ ಸರ್ಟಿಫಿಕೇಟ್ ಹಳೇದಾಗಿದ್ರೆ ಈಗ್ಲೇ ನಾಡಕಚೇರೀಲಿ ಹೊಸದಕ್ಕೆ ಹಾಕು, ಹಾಸ್ಟೆಲ್‌ಗೂ ಅದೇ ಬೇಕು, ಕೊನೇ ವಾರದಲ್ಲಿ ಸರ್ವರ್ ಇರಲ್ಲ.


ಮಲ್ನಾಡ್_ಗಿಡ್ಡ:

ಮಂಗಳವಾರ ಬೇಡ ತಂಗಿ. ಮೂಲೇಲಿ ಕೂತ್ರೂ ಆಗಲ್ಲ. ಪೇಷಂಟ್ ಹೇಳಿದ್ದು ಹೊರಗೆ ಹೋಗ್ಬಾರ್ದು ಅನ್ನೋದು ಅವ್ರ ಹಕ್ಕು, ಕಾಯ್ದೇಲೇ ಇದೆ, ಅದ್ರ ಮೇಲೆ ಇದು ಸಣ್ಣ ತಾಲೂಕು, ಬಾಗ್ಲು ತೆಗ್ದು ಒಳಗೆ ಬಂದವ್ರು ನಿನ್ನ ನೋಡಿ ಇವ್ಳು ಇಂಥವ್ರ ಮಗಳಲ್ವಾ ಅಂತ ಅಲ್ಲಿಂದ್ಲೇ ವಾಪಸ್ ಹೋಗ್ತಾರೆ. ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ, ಆವಾಗ ಆಸ್ಪತ್ರೆಯವ್ರು ಶಾಲೆ ಕಾಲೇಜಲ್ಲಿ ಕಾರ್ಯಕ್ರಮ ಮಾಡ್ತಾರೆ, ಅದಕ್ಕೆ ಬಾ. ಮೈಕ್ ಕಟ್ಟೋಕೆ, ಕುರ್ಚಿ ಹಾಕೋಕೆ ನಮ್ಗೂ ಜನ ಬೇಕು, ಊಟದ ಹೊತ್ತಲ್ಲಿ ಡಾಕ್ಟ್ರು, ಸೋಶಿಯಲ್ ವರ್ಕರ್, ನರ್ಸು ಎಲ್ರೂ ಕೈಗೆ ಸಿಗ್ತಾರೆ, ಏನು ಕೇಳ್ಬೇಕೋ ಅವಾಗ ಕೇಳು.